ಒಂದೇ ಜೈನ ಮನೆ ಇರುವ ಊರು: ಲಚ್ಯಾಣದಂಥ ಕಡೆ ಹೋಗಿ ನೆಲೆಸುವವರ ಮುಂದಿರುವ ಪ್ರಶ್ನೆಗಳು

ವಿಜಯಪುರದಿಂದ ಸೊಲ್ಲಾಪುರದ ಕಡೆ ಹೊರಟ ಪ್ಯಾಸೆಂಜರ್ ರೈಲು ಇಂಡಿ ರೋಡ್ ದಾಟಿದ ಮೇಲೆ ಲಚ್ಯಾಣಕ್ಕೆ ಬರುತ್ತದೆ. ಸುತ್ತಮುತ್ತ ಲಿಂಬೆ ತೋಟ, ಜೋಳ, ಕಬ್ಬು. ಊರು ಹೆಸರಾಗಿರುವುದು ಸಿದ್ಧಲಿಂಗ ಮಹಾರಾಜರ ಮಠದಿಂದ. 2024ರ ಏಪ್ರಿಲ್‌ನಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯ ನಂತರ ಜೀವಂತವಾಗಿ ಮೇಲೆತ್ತಿದಾಗ ಈ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು.

ಇಂಥ ಊರಿಗೆ ಒಂದು ಜೈನ ಕುಟುಂಬ ಅಂಗಡಿ ಇಡಲಿಕ್ಕೋ, ಬ್ಯಾಂಕು ಅಥವಾ ಶಾಲೆಯ ನೌಕರಿ ಮೇಲೋ ಬಂದು ಮನೆ ಹಿಡಿಯಿತು ಎಂದು ಇಟ್ಟುಕೊಳ್ಳಿ. ಎಡಕ್ಕೆ ಲಿಂಗಾಯತರ ಮನೆ, ಬಲಕ್ಕೆ ಹಾಲುಮತದವರ ಮನೆ, ಎದುರಿಗೆ ಮುಸ್ಲಿಮರ ಮನೆ. ನಿತ್ಯ ನಡೆದು ಹೋಗಿ ದರ್ಶನ ಮಾಡುವಷ್ಟು ಹತ್ತಿರ ಬಸದಿ ಇಲ್ಲ. 1008 ಹೆಡೆಗಳ ಪಾರ್ಶ್ವನಾಥ ಸ್ವಾಮಿಯ ದರ್ಶನಕ್ಕೆ ವಿಜಯಪುರಕ್ಕೆ ಹೋಗಬೇಕು, ಇಲ್ಲವೇ ಸೊಲ್ಲಾಪುರದ ಕಡೆ ಮುಖ ಮಾಡಬೇಕು. ಮನೆಯ ಹಿರಿಯರ ಮೊದಲ ಪ್ರಶ್ನೆ ಒಂದೇ: "ಅಲ್ಲಿ ನಮ್ಮವರು ಎಷ್ಟು ಮನೆ?" ಹೆಣ್ಣು ಕೊಡುವವರೂ ಈಗ ಇದನ್ನೇ ಮೊದಲು ಕೇಳುತ್ತಾರೆ. ಉತ್ತರ "ಒಂದೇ ಮನೆ" ಎಂದಾದರೆ ಮಾತು ಅಲ್ಲಿಗೇ ನಿಲ್ಲುವುದೂ ಉಂಟು.

ಈ ಹಿಂಜರಿಕೆ ಹೊಸದು. ವ್ಯಾಪಾರ ಮಾಡುವ ಜೈನರು ಹಿಂದಿನಿಂದಲೂ ಒಬ್ಬೊಬ್ಬರೇ ಹೋಗಿ ನೆಲೆಸಿದವರು. ಹಡಗು ಮತ್ತು ವಿಮಾನ ಕಾರ್ಖಾನೆ ಕಟ್ಟಿದ ವಾಲಚಂದ ಹಿರಾಚಂದರು 1882ರಲ್ಲಿ ಹುಟ್ಟಿದ್ದು ಇದೇ ರೈಲು ಮಾರ್ಗದ ಆಚೆ ತುದಿಯ ಸೊಲ್ಲಾಪುರದಲ್ಲಿ. ಅವರ ಮನೆತನ ಸೌರಾಷ್ಟ್ರದ ವಾಂಕಾನೇರ್‌ನಿಂದ ಬಂದ ದಿಗಂಬರ ಜೈನ ಮನೆತನ. ಬರುವಾಗ ಮರಾಠಿ ಬಾರದ, ನೆಂಟರಿಲ್ಲದ ಊರುಗಳಲ್ಲೇ ಅಂಥ ಮನೆತನಗಳು ಕಾಲೂರಿದವು. ಮುಂದೆ ಸೊಲ್ಲಾಪುರ ಜೈನ ಗ್ರಂಥ ಪ್ರಕಾಶನಕ್ಕೆ, ಶ್ರಾವಿಕೆಯರ ವಿದ್ಯೆಗೆ ಹೆಸರಾಯಿತು. ಮೊದಲ ನಾಲ್ಕು ಮನೆಯವರು "ಇಲ್ಲಿ ನಮ್ಮವರಿಲ್ಲ" ಎಂದು ವಾಪಸು ಹೋಗಿದ್ದರೆ ಅದ್ಯಾವುದೂ ಆಗುತ್ತಿರಲಿಲ್ಲ.

ಹಾಗೆಂದು ಹಳೆಯ ಕಾಲವೆಲ್ಲ ಚೆನ್ನಾಗಿತ್ತು ಎಂದು ಹೇಳುವುದು ಸುಳ್ಳಾಗುತ್ತದೆ. ಅಬ್ಬಲೂರಿನ ಶಾಸನ ಮತ್ತು ಶಿಲ್ಪಗಳು ಶೈವರಿಗೂ ಜೈನರಿಗೂ ನಡೆದ ಕಲಹದ ಕಥೆಯನ್ನೇ ಹೇಳುತ್ತವೆ. 1368ರಲ್ಲಿ ಜೈನರು ಶ್ರೀವೈಷ್ಣವರಿಂದಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನ ಮುಂದೆ ಹೇಳಿಕೊಂಡರು. ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ತೀರ್ಪನ್ನು ಕಲ್ಲಿನ ಮೇಲೆ ಬರೆಸಿದ. ಶ್ರವಣಬೆಳಗೊಳದಲ್ಲಿ ಆ ಶಾಸನ ಇಂದಿಗೂ ಇದೆ. ಕೈ ಹಿಡಿಸಿದ ಮಾತನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ, ಅದರ ಮುಂದಿನ ಲೆಕ್ಕವನ್ನು ಹೇಳುವವರು ಕಡಿಮೆ. ಜೈನರು ಮನೆಗೊಂದರಂತೆ ವರ್ಷಕ್ಕೆ ಒಂದು ಹಣ ಕೊಡಬೇಕು, ಆ ದುಡ್ಡಿನಲ್ಲಿ ಬೆಳಗೊಳದ ದೇವರ ರಕ್ಷಣೆಗೆ 20 ಜನ ಕಾವಲುಗಾರರನ್ನು ವೈಷ್ಣವರ ಕಡೆಯ ತಿರುಮಲೆಯ ತಾತಯ್ಯನೇ ನೇಮಿಸಬೇಕು, ಉಳಿದದ್ದರಲ್ಲಿ ಜಿನಾಲಯಗಳ ದುರಸ್ತಿ ಆಗಬೇಕು ಎಂದು ಕಟ್ಟು ಮಾಡಲಾಯಿತು. ಅಂದರೆ ಹೆಚ್ಚು ಸಂಖ್ಯೆಯವರಿಗೆ ರಕ್ಷಣೆಯ ಹೊಣೆ, ಕಡಿಮೆ ಸಂಖ್ಯೆಯವರಿಗೆ ಖರ್ಚಿನ ಹೊಣೆ. ಬರೀ ಒಳ್ಳೆಯ ಮಾತಿನ ಮೇಲೆ ಬಿಡದೆ ವ್ಯವಸ್ಥೆಯನ್ನೂ ಮಾಡಿದ್ದು ಬುಕ್ಕರಾಯನ ಜಾಣತನ.

ಇಂದಿನ ಒಂಟಿ ಮನೆಗೂ ಅಂಥ ವ್ಯವಸ್ಥೆಯೇ ಬೇಕು. ಅದರಲ್ಲಿ ಮನೆಯವರು ಮಾಡುವುದು ಯಾವುದು, ಸಮಾಜ ಮಾಡುವುದು ಯಾವುದು ಎಂದು ಬೇರೆ ಮಾಡಿಕೊಳ್ಳಬೇಕು.

ಮೊದಲು ಊಟದ ವಿಷಯ, ಏಕೆಂದರೆ ಮುಜುಗರ ಶುರುವಾಗುವುದೇ ಅಲ್ಲಿ. ಹೊಸ ಊರಿನಲ್ಲಿ ನೆರೆಯವರು ಪ್ರೀತಿಯಿಂದ ರಾತ್ರಿ ಎಂಟಕ್ಕೆ ಊಟಕ್ಕೆ ಕರೆಯುತ್ತಾರೆ. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ಹೇಳಲು ಸಂಕೋಚಪಟ್ಟು "ಹೊಟ್ಟೆ ಸರಿ ಇಲ್ಲ" ಎನ್ನುವವರಿದ್ದಾರೆ. ಎರಡನೇ ಸಲವೂ ಅದೇ ನೆಪ ಹೇಳಿದರೆ ಕರೆದವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ: ನಮ್ಮ ಮನೆಯ ಅನ್ನ ಇವರಿಗೆ ಆಗದು ಎಂದು. ಅದರ ಬದಲು ಮೊದಲ ವಾರದಲ್ಲೇ "ನಮ್ಮದು ಹಗಲೂಟ, ಉಳ್ಳಾಗಡ್ಡಿ, ಬಟಾಟಿ, ಗಜ್ಜರಿ ಇಲ್ಲ, ನೀರು ಸೋಸಿ ಕಾಸಿದ್ದು" ಎಂದು ಹೇಳಿಬಿಟ್ಟರೆ ಮುಗಿಯಿತು. ವಿಜಯಪುರ ಸೀಮೆಯ ಜನ ವ್ರತ, ನೇಮ ಅಂದರೆ ಗೌರವ ಕೊಡುವವರು. ಸೋಮವಾರ ಒಪ್ಪತ್ತು ಮಾಡುವವರಿಗೆ, ರೋಜಾ ಹಿಡಿಯುವವರಿಗೆ ಹೊತ್ತು ನೋಡಿ ಉಣ್ಣುವುದು ಏನೆಂದು ವಿವರಿಸಬೇಕಾಗಿಲ್ಲ. ಹಾಗೆಯೇ ಮಠದ ಜಾತ್ರೆಗೆ ಪಟ್ಟಿ ಎತ್ತಲು ಬಂದಾಗ ಉಳಿದ ಅಂಗಡಿಯವರ ಹಾಗೆ ಬರೆಸಬೇಕು, ಹಗಲು ಹೊತ್ತು ಹೋಗಿ ಕೂತು ಬರಬೇಕು. ಪರ್ಯೂಷಣ, ದಶಲಕ್ಷಣ ಬಂದಾಗ ಓಣಿಯವರನ್ನು ಕರೆದು ಕೂರಿಸಿ ಇದು ಏನು ಎಂದು ಹೇಳಬೇಕು. ಕ್ಷಮಾವಣಿಯ ದಿನ ವಾಟ್ಸಾಪ್‌ನಲ್ಲಿ ಊರೂರಿನ ನೆಂಟರಿಗೆ ಕ್ಷಮೆ ಕೇಳುವವರು ಎದುರು ಮನೆಯವರಿಗೆ ಮಾತ್ರ ಏಕೆ ಹೇಳುವುದಿಲ್ಲ?

ಇದಕ್ಕಿಂತ ಸೂಕ್ಷ್ಮವಾದದ್ದು ಮಕ್ಕಳ ಶಾಲೆ. 2021ರ ಡಿಸೆಂಬರ್‌ನಲ್ಲಿ ಸರ್ಕಾರ ಮಧ್ಯಾಹ್ನದ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಮೊದಲು ಆರಿಸಿಕೊಂಡ 7 ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಆಗ ಜೈನ ಮುನಿಗಳೂ ಕೆಲವು ಲಿಂಗಾಯತ ಮಠಾಧೀಶರೂ ವಿರೋಧಿಸಿದರು. ನಂತರ ಯೋಜನೆ ರಾಜ್ಯಕ್ಕೆಲ್ಲ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ 6 ದಿನಕ್ಕೆ ಏರಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆ ಯೋಜನೆಯಲ್ಲೇ ಇದೆ. ಜೈನ ಮಕ್ಕಳು ನೂರಿರುವ ಊರಿನಲ್ಲಿ ಇದು ಸಭೆ, ಮನವಿ ಪತ್ರದ ವಿಷಯ. ಒಂದೇ ಜೈನ ಮನೆ ಇರುವ ಊರಿನಲ್ಲಿ ಇದು ಎಂಟು ವರ್ಷದ ಹುಡುಗಿಯೊಬ್ಬಳು ಸಾಲಿನಲ್ಲಿ ತಟ್ಟೆ ಹಿಡಿದು ಕೂತ ವಿಷಯ. ಪಕ್ಕದವಳು "ನೀ ಯಾಕ ತಿನ್ನಂಗಿಲ್ಲ?" ಎಂದು ಕೇಳಿಯೇ ಕೇಳುತ್ತಾಳೆ.

ಈ ಪ್ರಶ್ನೆಗೆ ಮಗು ಏನು ಹೇಳಬೇಕು ಎಂಬುದನ್ನು ಮನೆಯಲ್ಲಿ ಕಲಿಸಬೇಕು. "ಅದು ಹೊಲಸು" ಎಂದು ಕಲಿಸಿದರೆ ಪಕ್ಕದ ಮಗುವಿನ ತಟ್ಟೆಗೆ, ಅವಳ ತಾಯಿಯ ಅಡಿಗೆಗೆ ಹೊಲಸು ಎಂದ ಹಾಗಾಗುತ್ತದೆ. ಗೆಳೆತನ ಅಲ್ಲಿಗೆ ಮುಗಿಯಿತು. "ನಮ್ಮ ಮನೆಯಲ್ಲಿ ಜೀವಕ್ಕೆ ನೋವು ಆಗುವುದನ್ನು ತಿನ್ನುವುದಿಲ್ಲ, ನನಗೆ ಬಾಳೆಹಣ್ಣು ಕೊಡ್ರಿ" ಎಂದು ಕಲಿಸಿದರೆ ಮಾತು ತನ್ನ ಮನೆಯ ಬಗ್ಗೆ ಇರುತ್ತದೆ. ಅಹಿಂಸೆಯಲ್ಲಿ ಮಾತಿನ ಅಹಿಂಸೆಯೂ ಇದೆ ಎಂದು ಪಾಠಶಾಲೆಯಲ್ಲಿ ಹೇಳಿಕೊಟ್ಟದ್ದು ಇಲ್ಲಿ ಉಪಯೋಗಕ್ಕೆ ಬರಬೇಕು. ತಂದೆ ಅಥವಾ ತಾಯಿ ಶಾಲೆ ಶುರುವಾಗುವ ಮೊದಲೇ ಮುಖ್ಯ ಶಿಕ್ಷಕರನ್ನೂ ಅಡಿಗೆಯವರನ್ನೂ ಕಂಡು ಎರಡು ವಿಷಯ ಕೇಳಿಕೊಂಡರೆ ಸಾಕು: ಹಣ್ಣು ತಪ್ಪದೆ ಕೊಡಿ, ಸೌಟು ಬೇರೆ ಇಡಿ. ಇದು ಬೇಡುವುದಲ್ಲ, ಮಗುವಿಗೆ ಸಲ್ಲಬೇಕಾದದ್ದನ್ನು ಕೇಳುವುದು. ಮೊಟ್ಟೆಯನ್ನೇ ನಿಲ್ಲಿಸಿ ಎಂದು ಒಂಟಿ ಮನೆಯವರು ಶಾಲೆಯ ಬಾಗಿಲಲ್ಲಿ ನಿಂತರೆ ಬಡವರ ಮಕ್ಕಳ ತಟ್ಟೆಗೆ ಕೈ ಹಾಕಿದವರು ಎಂಬ ಹೆಸರು ಬರುತ್ತದೆ, ಆ ಹೆಸರು ಬೇಗ ಹೋಗುವುದಿಲ್ಲ.

ಇಷ್ಟೆಲ್ಲ ತಾಪತ್ರಯ ಏಕೆ, ನಮ್ಮವರೇ ಇರುವ ಸೊಸೈಟಿಯಲ್ಲಿ ಮನೆ ತೆಗೆದುಕೊಂಡರಾಯಿತು ಎನ್ನುವುದು ಪುಣೆ, ಮುಂಬೈ, ಬೆಂಗಳೂರಿಗೆ ಹೋದ ಹೊಸ ತಲೆಮಾರಿನ ಉತ್ತರ. ಕಾನೂನು ಇದಕ್ಕೆ ಪೂರ್ತಿ ಅಡ್ಡ ಬರುವುದಿಲ್ಲ. ಅಹಮದಾಬಾದಿನ ಪಾರ್ಸಿ ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ, ಸಂಘವೊಂದು ತನ್ನ ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಸೀಮಿತ ಮಾಡಿಕೊಳ್ಳಬಹುದು ಎಂದು ಹೇಳಿತು. ಬಸದಿ ಕಟ್ಟಡದ ಕೆಳಗೇ, ಪಾಠಶಾಲೆ ಮೇಲಿನ ಮಹಡಿಯಲ್ಲಿ, ವಯಸ್ಸಾದವರಿಗೆ ಅನುಕೂಲ. ಇದನ್ನು ತಪ್ಪು ಎನ್ನಲಾಗದು.

ಆದರೆ ಕಾನೂನು ಕೊಟ್ಟದ್ದೆಲ್ಲ ಲಾಭದ ವ್ಯವಹಾರವಲ್ಲ. ರಾಜ್ಯದಲ್ಲಿ 2011ರ ಗಣತಿ ಪ್ರಕಾರ ಜೈನರು 4,40,280, ಅಂದರೆ ನೂರಕ್ಕೆ ಒಬ್ಬರೂ ಇಲ್ಲ. ಎಲ್ಲ ಸಮುದಾಯಗಳೂ "ನಮ್ಮವರಿಗೆ ಮಾತ್ರ" ಎಂದು ಗೇಟು ಹಾಕಿಕೊಂಡರೆ ಮೊದಲು ಹೊರಗೆ ಉಳಿಯುವವರು ನೂರಕ್ಕೆ ಒಬ್ಬರೂ ಇಲ್ಲದವರೇ. ಲಚ್ಯಾಣದಲ್ಲಿ ಬಾಡಿಗೆ ಮನೆ ಕೇಳುವಾಗ ಮಾಲೀಕ ಜಾತಿ, ಧರ್ಮ ನೋಡದೆ ಕೊಡಲಿ ಎಂದು ಬಯಸುವವರು, ಬೆಂಗಳೂರಿನ ತಮ್ಮ ಫ್ಲಾಟನ್ನು ಬಾಡಿಗೆಗೆ ಕೊಡುವಾಗ ಹೆಸರು ಕೇಳಿ ಬಾಗಿಲು ಹಾಕುವುದು ಹೇಗೆ ಹೊಂದುತ್ತದೆ? ಅಡಿಗೆಯ ಬಗ್ಗೆ ಕರಾರು ಮಾಡಿಕೊಳ್ಳುವುದು ಬೇರೆ, ಹೆಸರಿನ ಮೇಲೆ ಕಳಿಸಿಬಿಡುವುದು ಬೇರೆ.

ಒಂಟಿ ಮನೆಯ ಕೈಲಾಗದ ಕೆಲಸಗಳೂ ಇವೆ. ವಿಹಾರದಲ್ಲಿರುವ ಮುನಿಸಂಘ ಇಂಡಿ ಸೀಮೆ ಹಾಯ್ದು ಹೋಗುವಾಗ ಚೌಕಾ ಹಾಕುವುದು, ತಂಗಲು ಜಾಗ ನೋಡುವುದು ಗಂಡ ಹೆಂಡತಿ ಇಬ್ಬರಿಂದ ಆಗುವುದಲ್ಲ. 2023ರ ಜುಲೈನಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯಲ್ಲಿ ಆಚಾರ್ಯ ಶ್ರೀ ಕಾಮಕುಮಾರ ನಂದಿ ಮಹಾರಾಜರ ಹತ್ಯೆಯಾದ ಮೇಲೆ ಮುನಿಗಳ ರಕ್ಷಣೆ, ತಂಗುವ ವ್ಯವಸ್ಥೆಯ ಬೇಡಿಕೆ ರಾಜ್ಯದ ತುಂಬ ಎದ್ದಿತು. ಸರ್ಕಾರ ಮಾಡುವುದನ್ನು ಮಾಡಲಿ. ದಾರಿಯ ಹಳ್ಳಿಗಳಲ್ಲಿ ಎಲ್ಲಿ ಒಂದು ಜೈನ ಮನೆ ಇದೆ, ಅವರಿಗೆ ಊರಲ್ಲಿ ಯಾರ ಪರಿಚಯ ಇದೆ, ಶಾಲೆಯ ಕೋಣೆ ಅಥವಾ ಮಠದ ಅಂಗಳ ಯಾರನ್ನು ಕೇಳಿದರೆ ಸಿಗುತ್ತದೆ ಎಂಬ ಪಟ್ಟಿಯನ್ನು ವಿಜಯಪುರ, ಸೊಲ್ಲಾಪುರದ ಸಂಘಗಳು ಇಟ್ಟುಕೊಳ್ಳಬಹುದು. ಒಂಟಿ ಮನೆಯವರನ್ನು ಚಂದಾ ಕೇಳಲು ಮಾತ್ರ ನೆನೆಯುವ ಪದ್ಧತಿ ಬಿಟ್ಟು, ತಿಂಗಳಿಗೊಮ್ಮೆ ಮಕ್ಕಳಿಗೆ ಫೋನಿನಲ್ಲಾದರೂ ಪಾಠ ಹೇಳುವವರು ಬೇಕು. ಮನೆಯಲ್ಲಿ ಸಾವಾದರೆ ಆ ರಾತ್ರಿಯೇ ನಾಲ್ಕು ಜನ ಬರುವ ಹಾಗಿರಬೇಕು. ಹೆಗಲು ಕೊಡಲು ಓಣಿಯವರು ಇದ್ದೇ ಇರುತ್ತಾರೆ, ಆದರೆ ಣಮೋಕಾರ ಹೇಳಲು ಸಮಾಜದವರು ಬೇಕು.

ಈಗ ತುರ್ತಾಗಿ ನೋಡಬೇಕಾದದ್ದು ಗಣತಿ. 2027ರ ಫೆಬ್ರುವರಿಯಲ್ಲಿ ಜನಸಂಖ್ಯೆಯ ಎಣಿಕೆ ನಡೆಯಬೇಕಿದೆ, ಈ ಸಲ ಜಾತಿಯೂ ಸೇರಿ. ಜೈನರು 2014ರ ಜನವರಿಯಿಂದ ರಾಷ್ಟ್ರ ಮಟ್ಟದಲ್ಲಿ ಅಲ್ಪಸಂಖ್ಯಾತರು. ಮಕ್ಕಳ ವಿದ್ಯಾರ್ಥಿವೇತನದಿಂದ ಹಿಡಿದು ಎಲ್ಲ ಲೆಕ್ಕವೂ ಆ ಸಂಖ್ಯೆಯ ಮೇಲೆ ನಿಂತಿದೆ. ಜೈನರು ಹೆಚ್ಚಿರುವ ಬೆಳಗಾವಿ ಕಡೆ ಎಣಿಕೆಗೆ ಬರುವ ಶಿಕ್ಷಕರಿಗೆ ಇದು ಗೊತ್ತು. ಒಂಟಿ ಮನೆಯ ಊರಿನಲ್ಲಿ ಅಡ್ಡಹೆಸರು ಪಾಟೀಲ ಎಂದೋ ಶೆಟ್ಟಿ ಎಂದೋ ಇದ್ದರೆ ಕೇಳದೆಯೇ ಹಿಂದೂ ಎಂದು ಬರೆದು ಮುಂದಿನ ಮನೆಗೆ ಹೋಗುವ ಸಾಧ್ಯತೆ ಹೆಚ್ಚು. 2011ರ ನಮೂನೆಯಲ್ಲಿ ಜೈನ ಧರ್ಮಕ್ಕೆ 6 ಎಂಬ ಪ್ರತ್ಯೇಕ ಸಂಕೇತವೇ ಇತ್ತು, ಆದರೂ ಹೇಳದಿದ್ದರೆ ಬರೆಯುವವರು ಯಾರು? ಎಣಿಕೆಯವರು ಬಂದಾಗ ಅಂಗಡಿಯಲ್ಲಿ ಎಷ್ಟೇ ಗಿರಾಕಿ ಇರಲಿ, ವಿಷಯ ತಿಳಿದ ಒಬ್ಬರು ಮನೆಯಲ್ಲಿರಬೇಕು. ಧರ್ಮದ ಕಾಲಂನಲ್ಲಿ ಜೈನ ಎಂದು ಬಾಯಿಬಿಟ್ಟು ಹೇಳಬೇಕು, ಬರೆದದ್ದನ್ನು ಓದಿ ಹೇಳಿ ಎಂದು ಕೇಳಬೇಕು. ನಾಡಕಚೇರಿಯಿಂದ ಮಕ್ಕಳ ಪ್ರಮಾಣಪತ್ರ ಇನ್ನೂ ಮಾಡಿಸದಿದ್ದರೆ ಅದನ್ನೂ ಈಗಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು, ಶಾಲೆ ಶುರುವಾಗುವ ತಿಂಗಳಲ್ಲಿ ಅಲ್ಲಿ ಸಾಲು ಬಹಳ ಇರುತ್ತದೆ.