ಯಂತ್ರದೊಳಗಿನ ತಂತ್ರಾಂಶ: ಎಲ್ಲಿ ಸಿದ್ಧವಾದರೇನು, ಕೀಲಿಕೈ ಯಾರಲ್ಲಿದೆ?

ವ್ಯಾಪಾರವೆಂದರೆ ಅಂಗಡಿ, ಗೋದಾಮು, ಖಾತೆ ಪುಸ್ತಕ ಎಂದಿದ್ದ ಕಾಲ ಹಿಂದೆ ಸರಿದಿದೆ. ಇಂದು ಅಣ್ಣಿಗೇರಿ, ಕುಂದಗೋಳ, ನವಲಗುಂದ, ಕಲಘಟಗಿಗಳ ಸಾಧಾರಣ ವರ್ತಕರ ಬಳಿಯೂ ಎರಡು ಮೂರು ಗಣಕಯಂತ್ರಗಳಿವೆ. ಅವು ಗಣಕಯಂತ್ರಗಳೆಂಬ ಅರಿವು ಮಾತ್ರ ಅನೇಕರಿಗಿಲ್ಲ. ವಿದ್ಯುನ್ಮಾನ ತೂಕದ ಕಾಟಾ, ಬಿಲ್ ಮುದ್ರಿಸುವ ಕೈಯಂತ್ರ, 2018ರಿಂದ ರಸಗೊಬ್ಬರದ ಅಂಗಡಿಗಳಲ್ಲಿ ರೈತರ ಬೆರಳಚ್ಚು ಪಡೆಯುತ್ತಿರುವ ಪಿಒಎಸ್ ಯಂತ್ರ, ಹಾಲು ಉತ್ಪಾದಕರ ಸಂಘದಲ್ಲಿ ಜಿಡ್ಡಿನಂಶ ಅಳೆಯುವ ಉಪಕರಣ, ಇವೆಲ್ಲವುಗಳ ಒಡಲಲ್ಲಿ ಒಂದು ಕಿರು ಗಣಕವಿದ್ದು, ಅದೊಂದೇ ಕೆಲಸಕ್ಕಾಗಿ ಬರೆದ ತಂತ್ರಾಂಶದ ಆಜ್ಞೆಯಂತೆ ನಡೆಯುತ್ತದೆ. ಇವನ್ನೇ ತಂತ್ರಜ್ಞರು ಎಂಬೆಡೆಡ್ ವ್ಯವಸ್ಥೆಗಳೆಂದು ಕರೆಯುತ್ತಾರೆ.

ಈ ತಂತ್ರಾಂಶ ಸಿದ್ಧವಾಗುವ ಬಗೆಯನ್ನು ಕುರಿತು ತಂತ್ರಜ್ಞರಲ್ಲಿ ಹಳೆಯದೊಂದು ಚರ್ಚೆಯಿದೆ. ವಾಣಿಜ್ಯ ಪದವೀಧರನೂ ವೃತ್ತಿಯಿಂದ ಲೆಕ್ಕಪರಿಶೋಧಕನೂ ಆದ ನಾನು ಆ ಚರ್ಚೆಯನ್ನು ಖರ್ಚು, ಹೊಣೆಗಾರಿಕೆ ಮತ್ತು ಕರಾರುಗಳ ದೃಷ್ಟಿಯಿಂದ ನೋಡಬಯಸುತ್ತೇನೆ. ಏಕೆಂದರೆ ಅದರ ಫಲಾಫಲಗಳನ್ನು ಕೊನೆಗೆ ಅನುಭವಿಸುವವನು ಯಂತ್ರ ಕೊಂಡ ವರ್ತಕನೇ.

ಮೊದಲು ವಿಷಯವನ್ನು ಸರಳವಾಗಿ ಹೇಳುವುದಾದರೆ, ತಂತ್ರಜ್ಞನು 'ಸಿ'ಯಂತಹ ಭಾಷೆಯಲ್ಲಿ ಬರೆಯುವುದು ಮೂಲ ಪ್ರೋಗ್ರಾಂ. ಅದು ಚಿಪ್ಪಿಗೆ ನೇರವಾಗಿ ಅರ್ಥವಾಗದು. ಅದನ್ನು ಚಿಪ್ಪಿನ ಸಂಕೇತಗಳಿಗೆ ಮಾರ್ಪಡಿಸುವ ಸಾಧನವೇ ಕಂಪೈಲರ್. ಪ್ರೋಗ್ರಾಂ ಓಡಬೇಕಾದ ಯಂತ್ರದಲ್ಲಿಯೇ ಈ ಮಾರ್ಪಾಡು ನಡೆದರೆ ಅದು ನೇಟಿವ್ ಕಂಪೈಲಿಂಗ್. ಕಚೇರಿಯ ಸಾಮಾನ್ಯ ಪಿಸಿಯಲ್ಲಿ ಬೇರೊಂದು ಚಿಪ್ಪಿಗಾಗಿ ಮಾರ್ಪಡಿಸಿ, ಆ ಬಳಿಕ ಯಂತ್ರಕ್ಕೆ ತುಂಬಿದರೆ ಅದು ಕ್ರಾಸ್ ಕಂಪೈಲಿಂಗ್. ಕಲಘಟಗಿಯ ಬಣ್ಣದ ತೊಟ್ಟಿಲು ಕಲಘಟಗಿಯಲ್ಲೇ ಸಿದ್ಧವಾಗಿ ದೂರದ ಊರಿನ ಮನೆಯಲ್ಲಿ ತೂಗುತ್ತದೆ. ಬಡಗಿಯೂ ಬಣ್ಣಗಾರನೂ ತಮ್ಮ ಸಾಮಾನುಗಳೊಂದಿಗೆ ಆ ಮನೆಗೇ ಹೋಗಿ ಕೂರುವುದಿಲ್ಲ. ಕ್ರಾಸ್ ಕಂಪೈಲಿಂಗ್‌ನ ತತ್ವವೂ ಇಷ್ಟೇ.

ಬಹುಪಾಲು ಕಿರುಯಂತ್ರಗಳ ವಿಷಯದಲ್ಲಿ ಆಯ್ಕೆಯ ಪ್ರಶ್ನೆಯೇ ಉದ್ಭವಿಸದು. ಇಂತಹ ಉಪಕರಣಗಳಿಗೆ ಹೊಂದುವ 8051 ವರ್ಗದ ಎಟಿ89ಎಸ್52 ಚಿಪ್ಪನ್ನು ತೆಗೆದುಕೊಳ್ಳೋಣ. ಅದರಲ್ಲಿ ಪ್ರೋಗ್ರಾಂ ಇಡಲು 8 ಕಿಲೋಬೈಟ್, ಕೆಲಸದ ವೇಳೆಯ ನೆನಪಿಗೆ 256 ಬೈಟ್ ಮಾತ್ರ ಸ್ಥಳವಿದೆ. ಇಂದಿನ ಕಂಪೈಲರ್ ಒಂದಕ್ಕೇ ಹಲವು ಮೆಗಾಬೈಟ್ ಬೇಕು. ಆದರೆ ಲಿನಕ್ಸ್ ನಡೆಸಬಲ್ಲ ದೊಡ್ಡ ಯಂತ್ರಗಳಲ್ಲಿ ಎರಡೂ ಮಾರ್ಗಗಳು ಸಾಧ್ಯ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಡೆಬಿಯನ್ ಬಳಗವು ತನ್ನ ತಂತ್ರಾಂಶಗಳನ್ನು ಆಯಾ ವರ್ಗದ ಯಂತ್ರಗಳಲ್ಲೇ ನೇಟಿವ್ ಆಗಿ ಸಿದ್ಧಪಡಿಸುವ ಪದ್ಧತಿ ಇಟ್ಟುಕೊಂಡಿದೆ. 2010ರಲ್ಲಿ ಆರಂಭವಾದ ಯೋಕ್ಟೊ ಯೋಜನೆಯು ಕ್ರಾಸ್ ಕಂಪೈಲಿಂಗನ್ನೇ ಆಧಾರವಾಗಿಸಿಕೊಂಡಿದೆ. ಎರಡೂ ಕಡೆ ಅನುಭವಿಗಳಿದ್ದಾರೆ ಎಂಬುದು ಇದರಿಂದ ಸ್ಪಷ್ಟ.

ವೆಚ್ಚದ ದೃಷ್ಟಿಯಿಂದ ನನ್ನ ಒಲವು ಕ್ರಾಸ್ ಕಂಪೈಲಿಂಗ್ ಕಡೆಗೆ. ವರ್ಷಕ್ಕೆ ಒಂದೆರಡು ಬಾರಿ ಬೇಕಾಗುವ ಸಾಮರ್ಥ್ಯವನ್ನು ಪ್ರತಿಯೊಂದು ಯಂತ್ರದಲ್ಲೂ ತುಂಬಿಡುವುದೆಂದರೆ, ಸುಗ್ಗಿಗೆ ಮಾತ್ರ ಬೇಕಾಗುವ ಗೋದಾಮನ್ನು ಪ್ರತಿಯೊಂದು ಅಂಗಡಿಯ ಹಿಂದೆಯೂ ಕಟ್ಟಿಸಿದಂತೆ. ಸಣ್ಣ ಯಂತ್ರದಲ್ಲಿ ಗಂಟೆಗಟ್ಟಲೆ ನಡೆಯುವ ಕಂಪೈಲಿಂಗ್ ಕೆಲಸ ಒಳ್ಳೆಯ ಪಿಸಿಯಲ್ಲಿ ನಿಮಿಷಗಳಲ್ಲಿ ಮುಗಿಯುತ್ತದೆ. ಒಂದು ಪಿಸಿಯ ವೆಚ್ಚವು ಐವತ್ತು ಯಂತ್ರಗಳ ಮೇಲೆ ಹಂಚಿಹೋಗುತ್ತದೆ.

ವೆಚ್ಚಕ್ಕಿಂತ ಮಿಗಿಲಾದ ಇನ್ನೊಂದು ಕಾರಣವೂ ಇದೆ. ಮಾರುಕಟ್ಟೆ ಪ್ರಾಂಗಣದ ಕಾಟಾದ ಮೇಲೆ ರೈತನು ಇಡುವುದು ತನ್ನ ಮಾಲನ್ನಷ್ಟೇ ಅಲ್ಲ, ನಂಬಿಕೆಯನ್ನೂ ಕೂಡ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯು 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ತೂಕದ ಯಂತ್ರವನ್ನು ಇಲಾಖೆಯಿಂದ ಪರಿಶೀಲಿಸಿ ಮುದ್ರೆ ಹಾಕಿಸಿಕೊಳ್ಳುವುದು ಕಡ್ಡಾಯವಾಗಿದೆ. ಅಂಗಡಿಯಲ್ಲೇ ಪ್ರೋಗ್ರಾಂ ತಿದ್ದಿ ಅಲ್ಲೇ ಕಂಪೈಲ್ ಮಾಡುವ ಸೌಲಭ್ಯ ಕಾಟಾದೊಳಗೇ ಇದ್ದರೆ ಆ ಮುದ್ರೆಗೆ ಏನು ಬೆಲೆ ಉಳಿದೀತು? ಪ್ರಾಮಾಣಿಕ ವರ್ತಕನೂ ಸಂಶಯಕ್ಕೆ ಗುರಿಯಾಗುತ್ತಾನೆ. ತೂಕ ಮತ್ತು ಹಣದ ಯಂತ್ರಗಳೊಳಗೆ ಕಂಪೈಲರ್ ಇರಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ನೇಟಿವ್ ಪಕ್ಷದವರ ವಾದದಲ್ಲಿ ಕಡೆಗಣಿಸಲಾಗದ ಒಂದು ಸತ್ಯಾಂಶವಿದೆ. ಸಿದ್ಧವಾದಲ್ಲೇ ಓಡುವ ತಂತ್ರಾಂಶವು ನಿಜವಾದ ಯಂತ್ರದ ಮೇಲೆಯೇ ಪರೀಕ್ಷೆಗೊಳಗಾಗುತ್ತದೆ. ಕ್ರಾಸ್ ಮಾರ್ಗದಲ್ಲಿ ಪಿಸಿಯ ಮೇಲೆ ಪರೀಕ್ಷಿಸಿ ಯಂತ್ರಕ್ಕೆ ತುಂಬಿ ಕೈತೊಳೆದುಕೊಳ್ಳುವ ಪ್ರಲೋಭನೆ ಇರುತ್ತದೆ. ಇದರ ಅಪಾಯಕ್ಕೆ ಒಂದು ಲೆಕ್ಕ ನೋಡಿ. 'ಸಿ' ಭಾಷೆಯ ಸಾಮಾನ್ಯ ಪೂರ್ಣಾಂಕಕ್ಕೆ ಇಂದಿನ ಪಿಸಿಯಲ್ಲಿ 32 ಬಿಟ್ ಸ್ಥಳ ದೊರೆತರೆ, ಕಿರು ಚಿಪ್ಪುಗಳ ಕಂಪೈಲರ್‌ಗಳಲ್ಲಿ ಸಾಮಾನ್ಯವಾಗಿ 16 ಬಿಟ್ ಮಾತ್ರ. 16 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಧನ ಸಂಖ್ಯೆ 32,767. ತೂಕವನ್ನು ಗ್ರಾಂಗಳಲ್ಲಿ ಎಣಿಸುವ ಪ್ರೋಗ್ರಾಂ ಪಿಸಿಯ ಮೇಲೆ 40 ಕಿಲೋ ಮೆಣಸಿನಕಾಯಿ ಚೀಲವನ್ನು 40,000 ಗ್ರಾಂ ಎಂದು ಸರಿಯಾಗಿಯೇ ತೋರಿಸುತ್ತದೆ. ಅದೇ ಪ್ರೋಗ್ರಾಂ ಕಾಟಾದ ಚಿಪ್ಪಿನಲ್ಲಿ ಋಣ 25,536 ಗ್ರಾಂ ಎಂದು ತೋರಿಸೀತು! ಕಣ್ಣೆದುರಿನ ಋಣಸಂಖ್ಯೆಯನ್ನು ಯಾರಾದರೂ ಹಿಡಿದಾರು. ದಿನದ ಒಟ್ಟು ಮೊತ್ತದೊಳಗೆ ಅಡಗಿದ ಇಂಥದೇ ದೋಷವನ್ನು ಹಿಡಿಯುವವರಾರು? ಆದ್ದರಿಂದ ತಂತ್ರಾಂಶ ಎಲ್ಲಿಯೇ ಸಿದ್ಧವಾಗಲಿ, ಕೊನೆಯ ಪರೀಕ್ಷೆ ಅದು ದುಡಿಯಬೇಕಾದ ಯಂತ್ರದ ಮೇಲೆಯೇ ನಡೆಯಬೇಕು.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಕ್ರಾಸ್ ಮಾರ್ಗದಲ್ಲಿ ಅಡುಗೆಮನೆ ಒಂದು ಕಡೆ, ಊಟದ ಪಂಕ್ತಿ ಇನ್ನೊಂದು ಕಡೆ. ಅಡುಗೆಮನೆಯೇ ಮುಚ್ಚಿಹೋದರೆ? 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ, ನನ್ನಲ್ಲಿ ಲೆಕ್ಕ ತಪಾಸಣೆ ಮಾಡಿಸುವ ನವಲಗುಂದ ತಾಲೂಕಿನ ವರ್ತಕರೊಬ್ಬರ ಬಿಲ್ ಯಂತ್ರ ಒಂದೇ ಸಾಲಿನಲ್ಲಿ ತೆರಿಗೆ ಮುದ್ರಿಸಬಲ್ಲದಾಗಿತ್ತು. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಸಾಲು ಬೇಕಾದಾಗ ಪ್ರೋಗ್ರಾಂ ಬದಲಿಸುವುದು ಅನಿವಾರ್ಯವಾಯಿತು. ಪೂರೈಕೆದಾರರು ಅಷ್ಟರಲ್ಲಿ ವ್ಯವಹಾರ ನಿಲ್ಲಿಸಿದ್ದರು. ಯಂತ್ರ ಸುಸ್ಥಿತಿಯಲ್ಲಿತ್ತು, ಮುದ್ರಣ ಸ್ಪಷ್ಟವಾಗಿತ್ತು. ಮೂಲ ಪ್ರೋಗ್ರಾಂ ಮಾತ್ರ ಯಾರ ಬಳಿಯೂ ಇರಲಿಲ್ಲ. ಕೆಡದ ಯಂತ್ರವನ್ನು ಲೆಕ್ಕದಿಂದ ತೆಗೆದುಹಾಕಿ ಹೊಸದನ್ನು ಕೊಳ್ಳಬೇಕಾಯಿತು. ಲೆಕ್ಕಪತ್ರ ಮಾನಕ 26ರ ಪ್ರಕಾರ, ಯಾವ ತಂತ್ರಾಂಶವಿಲ್ಲದೆ ಯಂತ್ರ ನಡೆಯಲಾರದೋ ಆ ತಂತ್ರಾಂಶ ಯಂತ್ರದ ಅವಿಭಾಜ್ಯ ಅಂಗ; ಅದನ್ನು ಸ್ಥಿರಾಸ್ತಿಯ ಭಾಗವೆಂದೇ ಪರಿಗಣಿಸಬೇಕು. ಅಂದರೆ ವರ್ತಕನು ಆಸ್ತಿಯ ಪೂರ್ಣ ಬೆಲೆ ತೆತ್ತು ಅದರ ಅರ್ಧವನ್ನು ಮಾತ್ರ ಮನೆಗೆ ತಂದಂತಾಯಿತು.

ಇದು ಒಮ್ಮೆ ಬಂದು ಹೋದ ಸಂಕಟವಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ 12 ಮತ್ತು 28 ಶೇಕಡಾ ದರಗಳು ಬಹುತೇಕ ತೆರವಾಗಿ, 5 ಮತ್ತು 18ರ ದರಗಳು ಮುಖ್ಯವಾದವು. 2023ರಲ್ಲಿ ಶಕ್ತಿ ಯೋಜನೆ ಜೂನ್ 2ರಂದು ಪ್ರಕಟವಾಗಿ 11ರಂದು ಜಾರಿಗೆ ಬಂದಾಗ, ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ವಾಯವ್ಯ ಸಾರಿಗೆ ಸಂಸ್ಥೆಯೂ ಸೇರಿದಂತೆ ರಾಜ್ಯದ ಸಾರಿಗೆ ನಿಗಮಗಳು ಮಹಿಳೆಯರಿಗೆ ಶೂನ್ಯ ಮೊತ್ತದ ಟಿಕೆಟ್ ನೀಡಬೇಕಾಯಿತು. ದೊಡ್ಡ ಸಂಸ್ಥೆಯ ಕರೆಗೆ ಪೂರೈಕೆದಾರರು ಓಡಿ ಬರುತ್ತಾರೆ. ಅಣ್ಣಿಗೇರಿಯ ಅಡತಿ ಅಂಗಡಿಯವರು ಕರೆದರೆ ಬರುವರೆಂಬ ಭರವಸೆಯಿಲ್ಲ. ಅವರಿಗೆ ರಕ್ಷಣೆ ಕರಾರು ಪತ್ರ ಒಂದೇ.

ನಮ್ಮ ನಾಡಿನಲ್ಲೇ ಇದಕ್ಕೆ ಬೇರೆಯದೇ ಮಾದರಿಯಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕವು 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ 'ಅಮಿಡಾ' ಹೆಸರಿನಿಂದ ಮಾರುಕಟ್ಟೆಗೆ ಬಂದಿತ್ತು. ಮಾರಾಟದಲ್ಲಿ ಅದು ಯಶಸ್ವಿಯಾಗಲಿಲ್ಲ. ಆದರೆ ಅದು ಲಿನಕ್ಸ್ ಆಧಾರಿತವಾಗಿತ್ತು. ಯಂತ್ರಾಂಶದ ವಿನ್ಯಾಸವನ್ನೂ ಮುಕ್ತ ಪರವಾನಗಿಯಡಿ ನೀಡುವ ಧ್ಯೇಯ ಅದರದಾಗಿತ್ತು. ಕೊಂಡವನು ತಯಾರಕನ ಬಂದಿಯಾಗಬಾರದೆಂಬ ಆ ತತ್ವ ಇಂದಿಗೂ ಅನುಕರಣೀಯ.

ಸದಸ್ಯ ಬಾಂಧವರು ಇಂತಹ ಯಂತ್ರಗಳನ್ನು, ವಿಶೇಷವಾಗಿ ತಮಗಾಗಿಯೇ ತಂತ್ರಾಂಶ ಬರೆಸಿದ ಯಂತ್ರಗಳನ್ನು, ಕೊಳ್ಳುವಾಗ ಕೆಳಗಿನ ನಾಲ್ಕು ಅಂಶಗಳನ್ನು ಕರಾರಿನಲ್ಲಿ ಸೇರಿಸಿಕೊಳ್ಳುವುದು ಸೂಕ್ತ.

1. ಮೂಲ ಪ್ರೋಗ್ರಾಂನ ಪ್ರತಿಯನ್ನು ಖರೀದಿದಾರನಿಗೆ ಕೊಡಬೇಕು. ಒಪ್ಪದಿದ್ದಲ್ಲಿ ಮೂರನೆಯವರ ಬಳಿ ಠೇವಣಿಯಾಗಿರಿಸಿ, ಪೂರೈಕೆದಾರ ವ್ಯವಹಾರ ನಿಲ್ಲಿಸಿದರೆ ಖರೀದಿದಾರನಿಗೆ ದೊರೆಯುವಂತೆ ಮಾಡಬೇಕು.

2. ಯಾವ ಕಂಪೈಲರ್, ಅದರ ಯಾವ ಆವೃತ್ತಿ, ಯಾವ ಕ್ರಮದಲ್ಲಿ ಬಳಸಲಾಯಿತು ಎಂಬ ಲಿಖಿತ ವಿವರ ಇರಬೇಕು. ಕಂಪೈಲರ್ ಬದಲಾದರೆ 8 ಕಿಲೋಬೈಟ್‌ನಲ್ಲಿ ಹಿಡಿಸಿದ್ದ ಪ್ರೋಗ್ರಾಂ ಹಿಡಿಸದೆಯೂ ಹೋಗಬಹುದು.

3. ಆ ವಿವರವನ್ನಷ್ಟೇ ಆಧರಿಸಿ ತಂತ್ರಾಂಶವನ್ನು ಹೊಸದಾಗಿ ಸಿದ್ಧಪಡಿಸಿ, ನಿಜವಾದ ಯಂತ್ರಕ್ಕೆ ತುಂಬಿ ತೋರಿಸಿದ ನಂತರವೇ ಕೊನೆಯ ಕಂತು ಪಾವತಿಸಬೇಕು.

4. ತಿದ್ದುಪಡಿ ಮಾಡಿಸಿಕೊಳ್ಳುವ ಹಕ್ಕು ಬರವಣಿಗೆಯಲ್ಲಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಗಣಕದ ಪ್ರೋಗ್ರಾಂ ಸಾಹಿತ್ಯ ಕೃತಿಯೆನಿಸುತ್ತದೆ. ಅದರ ಹಕ್ಕಿನ ವರ್ಗಾವಣೆ ಲಿಖಿತವಾಗಿ ಸಹಿಯಾಗದ ಹೊರತು ಊರ್ಜಿತವಾಗದೆಂದು 19ನೇ ಕಲಂ ಹೇಳುತ್ತದೆ.

ಇವುಗಳಿಂದ ಯಂತ್ರದ ಬೆಲೆ ಸ್ವಲ್ಪ ಹೆಚ್ಚೀತು, ಪೂರೈಕೆದಾರರು ಗೊಣಗಿಯಾರು ಎಂಬುದು ನಿಜ. ಒಬ್ಬ ವರ್ತಕ ಕೇಳಿದರೆ ಅವರು ಒಪ್ಪಲಿಕ್ಕಿಲ್ಲ; ಸಂಘಟಿತವಾಗಿ ಕೇಳಿದರೆ ಒಪ್ಪದೆ ಗತ್ಯಂತರವಿಲ್ಲ. ಆದ್ದರಿಂದ ವಾಣಿಜ್ಯೋದ್ಯಮ ಸಂಸ್ಥೆಯು ಕನ್ನಡದಲ್ಲಿ ಒಂದು ಮಾದರಿ ಕರಾರು ಪತ್ರವನ್ನು ಸಿದ್ಧಪಡಿಸಿ ತಾಲೂಕು ಮಟ್ಟದ ವರ್ತಕರ ಸಂಘಗಳಿಗೆ ಹಂಚಬೇಕು. ಧಾರವಾಡದ ಕೋಟೂರು-ಬೇಲೂರು ಪ್ರದೇಶದಲ್ಲಿ ಎಲೆಕ್ಟ್ರಾನಿಕ್ಸ್ ಉತ್ಪಾದನಾ ಕ್ಲಸ್ಟರ್‌ಗೆ 2023ರಲ್ಲಿ ಕೇಂದ್ರ ಸರ್ಕಾರ ಅನುಮೋದನೆ ನೀಡಿದೆ. ಹುಬ್ಬಳ್ಳಿಯ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ, ಧಾರವಾಡದ ಐಐಐಟಿಗಳಲ್ಲಿ ಈ ವಿದ್ಯೆ ಕಲಿತ ಯುವಕ ಯುವತಿಯರಿದ್ದಾರೆ. ಮೂಲ ಪ್ರೋಗ್ರಾಂ ಮತ್ತು ವಿವರ ವರ್ತಕರ ಕೈಯಲ್ಲಿದ್ದರೆ, ಕುಂದಗೋಳದ ಕಾಟಾದ ತಂತ್ರಾಂಶವನ್ನು ತಿದ್ದಿ, ಪುನಃ ಮುದ್ರೆ ಹಾಕಿಸಿಕೊಡುವ ಕೆಲಸ ಈ ಜಿಲ್ಲೆಯಲ್ಲೇ ನಡೆದೀತು. ಆ ಹಣವೂ ಇಲ್ಲಿಯೇ ಉಳಿದೀತು.