ಎರಡನೆಯ ಅಂಕದ ತಾಲೀಮು

ಸಿಂಡ್ರೆಲ್ಲಾಗೆ ರಾಜಕುಮಾರ ಸಿಕ್ಕಿದ. ಜ್ಯಾಕ್‌ನ ಬಡತನ ನೀಗಿತು. ಮಕ್ಕಳಿಲ್ಲದೆ ಕೊರಗುತ್ತಿದ್ದ ಬೇಕರಿಯವನ ಹೆಂಡತಿ ಈಗ ತುಂಬು ಗರ್ಭಿಣಿ. ಇನ್ನು ನಾಟಕ ಮುಗಿಯಬೇಕಲ್ಲವೇ? ‘ಇನ್‌ಟು ದ ವುಡ್ಸ್’ ಎಂಬ ಸಂಗೀತ ನಾಟಕದಲ್ಲಿ ಇದು ಮೊದಲ ಅಂಕ ಮಾತ್ರ. ಸ್ಟೀಫನ್ ಸೋಂಡ್‌ಹೈಮ್ ಹಾಡು-ಸಂಗೀತ, ಜೇಮ್ಸ್ ಲಪೈನ್ ಸಂಭಾಷಣೆಯ ಈ ನಾಟಕ 1987ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂತು. ಅಮೆರಿಕದ ಶಾಲೆಗಳಲ್ಲೂ ವಿದ್ಯಾರ್ಥಿಗಳು ಇದನ್ನು ಆಡುತ್ತಾರೆ. ಕಿರಿಯರಿಗೆಂದೇ ಇರುವ ಚಿಕ್ಕ ರೂಪದಲ್ಲಿ ಮೊದಲ ಅಂಕದ ಕಥೆಯಷ್ಟೇ ಇದೆ.

ಪೂರ್ಣ ನಾಟಕ ಆಡುವವರಿಗೆ ನಿಜವಾದ ಪರೀಕ್ಷೆ ಎರಡನೆಯ ಅಂಕದಲ್ಲಿ. ಸತ್ತ ದೈತ್ಯನ ಹೆಂಡತಿ ಸೇಡಿಗಾಗಿ ಇಳಿದು ಬರುತ್ತಾಳೆ. ‘ಯುವರ್ ಫಾಲ್ಟ್’ ಹಾಡಿನಲ್ಲಿ ಐವರು ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಾರೆ. ಒಬ್ಬರ ಮಾತಿನ ಬಾಲ ಹಿಡಿದೇ ಇನ್ನೊಬ್ಬರು ಹಾಡಬೇಕು. ಒಬ್ಬರು ತಡವರಿಸಿದರೆ ಐವರೂ ದಾರಿ ತಪ್ಪುತ್ತಾರೆ. ಮೊದಲು ಮಾತಿನಂತೆ ನಿಧಾನವಾಗಿ ಹೇಳಿ, ತಾಳ ತಟ್ಟಿ, ಆಮೇಲೆ ವೇಗ ಹೆಚ್ಚಿಸುವುದು ಒಳ್ಳೆಯ ಕ್ರಮ.

ತಾಲೀಮು ಪ್ರತಿದಿನ ಮೊದಲ ದೃಶ್ಯದಿಂದಲೇ ಶುರುವಾದರೆ ಎರಡನೆಯ ಅಂಕಕ್ಕೆ ಉಳಿಯುವುದು ದಣಿದ ಗಂಟಲು. ಆದ್ದರಿಂದ ವಾರಕ್ಕೆ ಒಂದು ದಿನವಾದರೂ ಅಲ್ಲಿಂದಲೇ ಆರಂಭಿಸಬೇಕು.

ಪಾಲಕರಿಗೂ ಒಂದು ಮಾತು. ಮನೆಯಲ್ಲಿ ಒಬ್ಬರೇ ಕೂತು ಕಲಿಯುವ ಹಾಡಲ್ಲ ಇದು. ‘ಪರೀಕ್ಷೆ ಹತ್ತಿರ ಬಂತು’ ಎಂದು ಮಗಳನ್ನು ಒಂದು ಸಂಜೆ ಮನೆಯಲ್ಲೇ ಉಳಿಸಿಕೊಂಡರೆ ಉಳಿದ ನಾಲ್ವರ ತಾಲೀಮೂ ಕೆಟ್ಟಂತೆ. ತಾಲೀಮಿನ ವೇಳಾಪಟ್ಟಿಯನ್ನು ಮೊದಲೇ ಕೇಳಿ ಪಡೆದು, ಓದಿನ ಸಮಯವನ್ನು ಅದಕ್ಕೆ ಹೊಂದಿಸಿಕೊಟ್ಟರೆ ಎರಡೂ ಸಾಗುತ್ತವೆ.