ಮೂರು ತಿಂಗಳಿಗೆ ಮೂರು ಪಟ್ಟು

1990ರ ಡಿಸೆಂಬರ್ 8. ಆಲ್ಬೇನಿಯದ ರಾಜಧಾನಿ ಟಿರಾನಾದ ವಿದ್ಯಾರ್ಥಿನಿಲಯಗಳಲ್ಲಿ ವಿದ್ಯುತ್ ಕೈಕೊಟ್ಟಿತ್ತು. ಚಳಿ ಮತ್ತು ಕತ್ತಲೆಯಿಂದ ರೋಸಿದ ವಿದ್ಯಾರ್ಥಿಗಳು ಬೀದಿಗಿಳಿದರು. ದೀಪ ಬೇಕೆಂದು ಹೊರಟವರು ಎರಡು ಮೂರು ದಿನಗಳಲ್ಲೇ ಬಹುಪಕ್ಷ ಪದ್ಧತಿ ಬೇಕೆಂದು ಪಟ್ಟು ಹಿಡಿದರು. ಡಿಸೆಂಬರ್ 11ರಂದು ಆಳುವ ಪಕ್ಷ ಮಣಿಯಿತು. ಯೂರೋಪಿನ ಅತ್ಯಂತ ಬಿಗಿಯಾದ ಕಮ್ಯುನಿಸ್ಟ್ ಕೋಟೆಯಲ್ಲಿ ಬಿರುಕು ಬಿಟ್ಟದ್ದು ಹೀಗೆ.

ಆ ಕೋಟೆಯನ್ನು ಕಟ್ಟಿದವನು ಎನ್ವರ್ ಹೋಜಾ. 1944ರಿಂದ 1985ರಲ್ಲಿ ಸಾಯುವವರೆಗೂ ಅವನದೇ ಆಳ್ವಿಕೆ. ಯುಗೊಸ್ಲಾವಿಯ, ಸೋವಿಯತ್ ಒಕ್ಕೂಟ, ಕೊನೆಗೆ ಚೀನಾ, ಹೀಗೆ ಒಬ್ಬೊಬ್ಬ ಮಿತ್ರನನ್ನೂ ಅವನು ದೂರ ಮಾಡಿಕೊಂಡ. 1967ರಲ್ಲಿ ಮಸೀದಿ, ಚರ್ಚುಗಳಿಗೆ ಬೀಗ ಬಿತ್ತು. ಶತ್ರುಗಳ ಭಯದಿಂದ ದೇಶದ ತುಂಬ ಲಕ್ಷಕ್ಕೂ ಹೆಚ್ಚು ಕಾಂಕ್ರೀಟ್ ಬಂಕರುಗಳು ಎದ್ದವು. ಜನಸಾಮಾನ್ಯರು ಸ್ವಂತ ಕಾರು ಇಟ್ಟುಕೊಳ್ಳುವಂತಿರಲಿಲ್ಲ. ಬ್ಯಾಂಕ್ ಎಂದರೆ ಸರ್ಕಾರದ್ದೇ.

1992ರ ಮಾರ್ಚ್ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷ ಗೆದ್ದು, ಸಾಲಿ ಬೆರಿಷಾ ಅಧ್ಯಕ್ಷರಾದರು. ಬೆಲೆಗಳ ಮೇಲಿನ ಹತೋಟಿ ಸಡಿಲವಾಯಿತು. ಸಾಮೂಹಿಕ ಜಮೀನು ರೈತರಿಗೆ ಹಂಚಿಕೆಯಾಯಿತು. ಗ್ರೀಸ್, ಇಟಲಿಗೆ ದುಡಿಯಲು ಹೋದ ಯುವಕರು ಮನೆಗೆ ಹಣ ಕಳಿಸತೊಡಗಿದರು. ಉತ್ಪಾದನೆಯೂ ವೇಗವಾಗಿ ಏರಿತು. ಆದರೆ ಕೈಗೆ ಬಂದ ಹಣವನ್ನು ಇಡುವುದೆಲ್ಲಿ? ಸರ್ಕಾರಿ ಬ್ಯಾಂಕುಗಳು ಕೆಟ್ಟ ಸಾಲದ ಹೊರೆಯಲ್ಲಿ ಬಳಲುತ್ತಿದ್ದವು.

ಈ ಜಾಗಕ್ಕೆ ನುಗ್ಗಿದ್ದು ಖಾಸಗಿ ಠೇವಣಿ ಕಂಪನಿಗಳು. ವೇಫಾ, ಸುದೆ, ಜಾಫೆರಿ, ಪೋಪುಲಿ ಎಂಬ ಹೆಸರುಗಳು ಮನೆಮಾತಾದವು. 1996ರಲ್ಲಿ ಅವುಗಳ ನಡುವೆ ಪೈಪೋಟಿಯೇ ನಡೆಯಿತು. ಮೂರು ತಿಂಗಳಿಗೆ ಮೂರು ಪಟ್ಟು ಎಂದಿತು ಜಾಫೆರಿ. ಎರಡು ತಿಂಗಳಿಗೆ ಎರಡು ಪಟ್ಟು ಎಂದಿತು ಸುದೆ. ಜನ ಮನೆ ಮಾರಿದರು, ರೈತರು ದನಕರು ಮಾರಿದರು. ಅಂತರರಾಷ್ಟ್ರೀಯ ಹಣಕಾಸು ನಿಧಿ ಎಚ್ಚರಿಸಿದರೂ ಸರ್ಕಾರ ಸಕಾಲದಲ್ಲಿ ಕ್ರಮ ಕೈಗೊಳ್ಳಲಿಲ್ಲ.

ಈ ಕಂಪನಿಗಳು ಬಡ್ಡಿ ಕೊಡುತ್ತಿದ್ದದ್ದು ಹೊಸಬರು ತಂದ ಹಣದಿಂದ. ಲೆಕ್ಕ ಬಲು ಸರಳ. ಒಬ್ಬನ 100 ಲೆಕ್‌ಗೆ 300 ಲೆಕ್ ಕೊಡಬೇಕಾದರೆ ತಲಾ 100 ತರುವ ಮೂವರು ಹೊಸಬರು ಬೇಕು. ಆ ಮೂವರಿಗೆ ಒಂಬತ್ತು ಜನ, ಒಂಬತ್ತು ಜನಕ್ಕೆ ಇಪ್ಪತ್ತೇಳು. ಒಂದು ವರ್ಷ ಕಳೆಯುವಾಗ 81, ಎರಡು ವರ್ಷಕ್ಕೆ 6,561. ಮೂರೂವರೆ ವರ್ಷಕ್ಕೆ 47,82,969 ಜನ ಬೇಕು! ದೇಶದ ಜನಸಂಖ್ಯೆಯೇ ಆಗ 35 ಲಕ್ಷ ಮೀರಿರಲಿಲ್ಲ. ಅದೂ ಒಬ್ಬನೇ ಒಬ್ಬ ಠೇವಣಿದಾರನಿಂದ ಶುರುವಾದರೆ!

1996ರ ನವೆಂಬರ್‌ನಲ್ಲಿ ಸುದೆ ಕೈಯೆತ್ತಿತು. 1997ರ ಆರಂಭದಲ್ಲಿ ಉಳಿದವೂ ಸಾಲಾಗಿ ಉರುಳಿದವು. ಕಂಪನಿಗಳ ಒಟ್ಟು ಹೊಣೆ ದೇಶದ ವಾರ್ಷಿಕ ಉತ್ಪನ್ನದ ಅರ್ಧದಷ್ಟಿತ್ತು. ದಕ್ಷಿಣದ ವ್ಲೋರಾ ನಗರದಲ್ಲಿ ಹೊತ್ತಿದ ದಂಗೆ ಎಲ್ಲೆಡೆ ಹಬ್ಬಿತು. ಸೇನೆಯ ಶಸ್ತ್ರಾಗಾರಗಳು ಲೂಟಿಯಾದವು. ಸುಮಾರು 2,000 ಜನ ಸತ್ತರು. ಏಪ್ರಿಲ್‌ನಲ್ಲಿ ಇಟಲಿಯ ನೇತೃತ್ವದ ಪಡೆ ಬರಬೇಕಾಯಿತು. ಜೂನ್ ಚುನಾವಣೆಯಲ್ಲಿ ಆಳುವ ಪಕ್ಷ ಸೋತಿತು. ಜುಲೈನಲ್ಲಿ ಬೆರಿಷಾ ಅಧ್ಯಕ್ಷ ಪದವಿ ಬಿಟ್ಟರು. ಠೇವಣಿದಾರರಿಗೆ ಮರಳಿ ಸಿಕ್ಕಿದ್ದು ಅಲ್ಪ ಭಾಗ ಮಾತ್ರ.

ಆಲ್ಬೇನಿಯ ಮತ್ತೆ ಎದ್ದು ನಿಂತಿತು. 2009ರಲ್ಲಿ ನ್ಯಾಟೋ ಸೇರಿತು, 2014ರಲ್ಲಿ ಯೂರೋಪಿಯನ್ ಒಕ್ಕೂಟದ ಅಭ್ಯರ್ಥಿ ದೇಶವಾಯಿತು. ಆದರೆ 1997ರ ಪಾಠ ಉಳಿದಿದೆ. ಮಾರುಕಟ್ಟೆಯ ಬಾಗಿಲನ್ನು ಒಂದು ಆಜ್ಞೆಯಿಂದ ತೆರೆಯಬಹುದು. ಅದನ್ನು ಕಾಯುವ ಬ್ಯಾಂಕು, ಕಾನೂನು, ನ್ಯಾಯಾಲಯಗಳು ಒಂದು ಆಜ್ಞೆಗೆ ಹುಟ್ಟುವುದಿಲ್ಲ. ಮೂರರ ಗುಣಾಕಾರ ಆಲ್ಬೇನಿಯದ ಶಾಲಾಮಕ್ಕಳಿಗೂ ಗೊತ್ತಿತ್ತು. ಆದರೆ ನಾಲ್ಕೂವರೆ ದಶಕ ಮೇಲಿನವರನ್ನು ಪ್ರಶ್ನಿಸದೆ ಬದುಕಿದ ಜನಕ್ಕೆ, ಕಂಪನಿಯ ಕಿಟಕಿಯ ಮುಂದೆ ನಿಂತು ‘ಈ ಹಣ ಎಲ್ಲಿಂದ ಬರುತ್ತದೆ?’ ಎಂದು ಕೇಳುವ ಅಭ್ಯಾಸ ಇರಲಿಲ್ಲ.